ಬೆಳಕು ಯಾರ ಮೇಲೆ ಬಿದ್ದಿದೆ? ಬರೋಕ್ ಕಾಲದ ಧಾರ್ಮಿಕ ಚಿತ್ರಗಳಲ್ಲಿ ಶೋಕ

1607ರ ಏಪ್ರಿಲ್ ತಿಂಗಳಲ್ಲಿ ರೋಮ್ ನಗರದಲ್ಲಿ ಹನ್ನೆರಡು ಅಡಿ ಎತ್ತರದ ಒಂದು ಚಿತ್ರವನ್ನು ಒಂದು ವಾರ ಎಲ್ಲರೂ ಬಂದು ನೋಡಲೆಂದು ಇಟ್ಟಿದ್ದರು. ಊರು ಬಿಟ್ಟು ಹೋಗುವ ಮೊದಲು ಅದನ್ನೊಮ್ಮೆ ಕಣ್ತುಂಬ ನೋಡಬೇಕೆಂದು ನಗರದ ಚಿತ್ರಕಾರರೇ ಪಟ್ಟು ಹಿಡಿದಿದ್ದರು. ಅದು ಇಟಲಿಯ ಚಿತ್ರಕಾರ ಕರವಾಜಿಯೊ ಬರೆದ ‘ಮಾತೆ ಮರಿಯಳ ಮರಣ’. ಯಾವ ಚರ್ಚಿಗಾಗಿ ಬರೆದದ್ದೋ ಆ ಚರ್ಚಿನವರೇ ಅದನ್ನು ಬೇಡವೆಂದಿದ್ದರು. ಆಗ ಇಟಲಿಯಲ್ಲಿದ್ದ ರೂಬೆನ್ಸ್ ಎಂಬ ಯುವ ಚಿತ್ರಕಾರನ ಮಾತು ಕೇಳಿ ಮಾಂತುವಾದ ಡ್ಯೂಕ್ ವಿಂಚೆನ್ಜೊ ಗೊನ್ಜಾಗ ಅದನ್ನು ಕೊಂಡುಕೊಂಡಿದ್ದ. ಬರೆದವನು ಮಾತ್ರ ಊರಲ್ಲಿರಲಿಲ್ಲ. ಹಿಂದಿನ ವರ್ಷದ ಮೇ ತಿಂಗಳಲ್ಲಿ ಜಗಳವೊಂದರಲ್ಲಿ ರನುಚ್ಚೊ ತೊಮಸ್ಸೋನಿ ಎಂಬವನನ್ನು ಕೊಂದು ಆತ ರೋಮ್‌ನಿಂದ ಓಡಿಹೋಗಿದ್ದ.

ಈ ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಒಂದು ಬಡ ಕೋಣೆ. ಮೇಲೆ ಕೆಂಪು ಪರದೆ. ಗಿಡ್ಡ ಮಂಚದ ಮೇಲೆ ಕೆಂಪು ಉಡುಪಿನ ಹೆಂಗಸಿನ ಹೆಣ. ಹೊಟ್ಟೆ ಊದಿದಂತಿದೆ, ಪಾದಗಳು ಬರಿಗಾಲಾಗಿ ಮಂಚದಿಂದ ಹೊರಚಾಚಿವೆ, ಒಂದು ಕೈ ದಿಂಬಿನ ಮೇಲೆ ಸೋತು ಬಿದ್ದಿದೆ. ತಲೆಯ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಪ್ರಭಾವಲಯ ಇಲ್ಲದಿದ್ದರೆ ಇವಳು ಯೇಸುವಿನ ತಾಯಿ ಎಂದು ಹೇಳುವ ಗುರುತೇ ಇಲ್ಲ. ದೇವದೂತರಿಲ್ಲ, ತೆರೆದ ಸ್ವರ್ಗವಿಲ್ಲ. ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರು ಸುತ್ತ ನಿಂತಿದ್ದಾರೆ. ಮುಂದುಗಡೆ ಗಿಡ್ಡ ಕುರ್ಚಿಯ ಮೇಲೆ ಒಬ್ಬ ಯುವತಿ ಮುದುಡಿ ಕೂತಿದ್ದಾಳೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯ ಎಂದೇ ಅವಳನ್ನು ಗುರುತಿಸುತ್ತಾರೆ. ಅವಳ ಕಾಲ ಬಳಿ ಒಂದು ತಾಮ್ರದ ಬೋಗುಣಿ.

ಈಗ ಬೆಳಕಿನ ಹಾದಿ ಹಿಡಿದು ನೋಡಿ. ಅದು ಎಡಗಡೆ ಮೇಲಿನಿಂದ, ಚಿತ್ರದಾಚೆಯ ಕಿಟಕಿಯೊಂದರಿಂದ ಬರುವಂತಿದೆ. ಮೊದಲು ಮುದುಕರ ಬೋಳುತಲೆಗಳ ಮೇಲೆ ಬೀಳುತ್ತದೆ. ಆಮೇಲೆ ಮರಿಯಳ ಮುಖ, ಎದೆ, ಕೈ. ಕೊನೆಗೆ ಕೂತ ಯುವತಿಯ ಕತ್ತಿನ ಹಿಂಭಾಗ. ಅಳುತ್ತಿರುವವರ ಮುಖಕ್ಕೆ ಮಾತ್ರ ಅದು ತಲುಪುವುದಿಲ್ಲ. ಒಬ್ಬ ಪ್ರೇಷಿತ ಕಣ್ಣಿಗೆ ಕೈ ಒತ್ತಿಕೊಂಡಿದ್ದಾನೆ. ಇನ್ನೊಬ್ಬರು ತಲೆ ತಗ್ಗಿಸಿದ್ದಾರೆ. ಯುವತಿಯ ಮುಖವಂತೂ ಪೂರ್ತಿ ಮುಚ್ಚಿಹೋಗಿದೆ. ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವ ಮುಖ ಒಂದೇ, ಅದು ಸತ್ತವಳದ್ದು. ಅವಳಿಗೆ ಇನ್ನು ನೋವಿಲ್ಲ. ನೋವಿರುವವರೆಲ್ಲ ನೆರಳಿನಲ್ಲಿದ್ದಾರೆ.

ಬರೋಕ್, ಅಂದರೆ ಹೆಚ್ಚಾಗಿ 17ನೇ ಶತಮಾನದ ಯುರೋಪಿನ, ಚಿತ್ರಗಳ ಬಗ್ಗೆ ಬರೆಯುವಾಗ ‘ಕತ್ತಲು ಎಂದರೆ ದುಃಖ, ಬೆಳಕು ಎಂದರೆ ದೇವರು’ ಎಂದು ಸಲೀಸಾಗಿ ಹೇಳಿಬಿಡುವುದುಂಟು. ನನಗೆ ಅದು ಸಾಲದು ಅನ್ನಿಸುತ್ತದೆ. ಈ ಚಿತ್ರಕಾರರು ಕತ್ತಲನ್ನು ದುಃಖದ ಸಂಕೇತವೆಂದು ಬಳಿದವರಲ್ಲ. ದುಃಖಿಸುವವರಲ್ಲಿ ಎಷ್ಟನ್ನು ನಮಗೆ ತೋರಿಸಬೇಕು, ಎಷ್ಟನ್ನು ಬಚ್ಚಿಡಬೇಕು ಎಂದು ಅಳೆದು ತೂಗಿದವರು. ಆ ಅಳತೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮೊದಲು ಬಣ್ಣದ ವಿಷಯ ಸ್ವಲ್ಪ ತಿಳಿದಿರಬೇಕು.

ಬಣ್ಣಕ್ಕೆ ಸ್ವಂತ ಬೆಳಕಿಲ್ಲ. ಆ ಕಾಲದ ಚಿತ್ರಕಾರನ ಬಳಿ ಇದ್ದ ಅತಿ ಬೆಳ್ಳಗಿನ ಬಣ್ಣ ಸೀಸದಿಂದ ಮಾಡಿದ ಬಿಳಿ. ಅದು ಬಿದ್ದ ಬೆಳಕನ್ನು ಹಿಂದಿರುಗಿಸಬಲ್ಲದೇ ಹೊರತು ಉರಿಯಲಾರದು. ನಿಜವಾದ ಕಿಟಕಿಗೂ ಅದರ ಪಕ್ಕದ ಕತ್ತಲ ಮೂಲೆಗೂ ಇರುವ ಅಂತರ ಯಾವ ಬಣ್ಣದ ತಟ್ಟೆಯಲ್ಲೂ ಇಲ್ಲ. ಚಿತ್ರಕಾರನ ಕೈಯಲ್ಲಿರುವುದು ಹೋಲಿಕೆ ಮಾತ್ರ. ಪಕ್ಕದ್ದನ್ನು ಕಪ್ಪು ಮಾಡಿದಷ್ಟೂ ಇದು ಬೆಳ್ಳಗೆ ಕಾಣುತ್ತದೆ. ಹಗಲಿನಲ್ಲಿ ಇದೆಯೋ ಇಲ್ಲವೋ ಎನ್ನುವಂತಿರುವ ಮೇಣದಬತ್ತಿ ರಾತ್ರಿ ಕರೆಂಟ್ ಹೋದಾಗ ಇಡೀ ಕೋಣೆಯನ್ನು ಆಳುವುದಿಲ್ಲವೇ, ಹಾಗೆ. ಹಿಂದಿನವರು ಚಿತ್ರದ ತುಂಬ ಸಮನಾಗಿ ಬೆಳಕು ಹಂಚುತ್ತಿದ್ದರು. ಕರವಾಜಿಯೊ ಮುಕ್ಕಾಲು ಭಾಗದ ಬೆಳಕನ್ನು ಕಿತ್ತುಕೊಂಡು ಉಳಿದ ಕಾಲು ಭಾಗಕ್ಕೆ ಸುರಿದ.

ಬೆಳಕು ನೆರಳನ್ನು ಹದವಾಗಿ ಬೆರೆಸಿ ದೇಹಕ್ಕೆ ಉಬ್ಬು ತಗ್ಗು ಕೊಡುವ ವಿದ್ಯೆ ಇದಕ್ಕಿಂತ ಹಳೆಯದು, ಲಿಯೊನಾರ್ಡೊ ಅದನ್ನು ಬಹಳ ಮುಂದಕ್ಕೆ ಒಯ್ದಿದ್ದ. ಅದನ್ನು ಕಿಯಾರೊಸ್ಕುರೊ ಎನ್ನುತ್ತಾರೆ. ಹಿನ್ನೆಲೆಯನ್ನೆಲ್ಲ ಕತ್ತಲು ನುಂಗಿ, ಒಂದೇ ದಿಕ್ಕಿನ ತೀಕ್ಷ್ಣ ಬೆಳಕು ಒಮ್ಮೆಲೇ ದೇಹದ ಮೇಲೆ ಬಡಿಯುವ ರೀತಿಗೆ ಟೆನೆಬ್ರಿಸಂ ಎಂಬ ಹೆಸರು ಬಂತು. ಮೊದಲನೆಯದು ಬೇರೆ ಬೇರೆ ಕಾಲದ ಚಿತ್ರಗಳಲ್ಲಿ ಸಿಗುತ್ತದೆ. ಎರಡನೆಯದು ಹೆಚ್ಚಾಗಿ 17ನೇ ಶತಮಾನದ್ದು.

ಅದನ್ನು ಮಾಡುವ ಕ್ರಮವೂ ಬೇರೆ. ಮೊದಲಿನ ಇಟಲಿಯವರು ಹಲಗೆಯ ಮೇಲೆ ಬಿಳಿ ತಳ ಹಾಕಿ ಅದರ ಮೇಲೆ ನೆರಳನ್ನು ಪದರ ಪದರವಾಗಿ ಕಟ್ಟುತ್ತಿದ್ದರು. ಕರವಾಜಿಯೊ ಕ್ಯಾನ್ವಾಸಿಗೆ ಮೊದಲೇ ಗಾಢ ಕಂದು ಬಣ್ಣ ಬಳಿಯುತ್ತಿದ್ದ. ಅಲ್ಲಿಗೆ ಚಿತ್ರ ಕತ್ತಲಲ್ಲೇ ಶುರುವಾದಂತೆ. ಎಲ್ಲಿ ಬೆಳಕು ಬೇಕೋ ಅಲ್ಲಿ ಮಾತ್ರ ದಪ್ಪ ಬಣ್ಣ. ಎಷ್ಟೋ ಕಡೆ ನೆರಳಿನ ಭಾಗದಲ್ಲಿ ಆ ತಳದ ಕಂದನ್ನೇ ಹಾಗೇ ಬಿಟ್ಟಿದ್ದಾನೆ. ಅವನದು ಎಂದು ಖಚಿತವಾಗಿ ಹೇಳಬಹುದಾದ ಒಂದೇ ಒಂದು ಪೂರ್ವಭಾವಿ ರೇಖಾಚಿತ್ರವೂ ಸಿಕ್ಕಿಲ್ಲ. ಬದಲಿಗೆ ಹಸಿ ತಳದ ಮೇಲೆ ಚೂಪಾದ ವಸ್ತುವಿನಿಂದ ಗೀರಿದ ಗೆರೆಗಳು ಅವನ ಹಲವು ಚಿತ್ರಗಳಲ್ಲಿವೆ. ರೂಪದರ್ಶಿ ಎಲ್ಲಿ ತಲೆ ಇಡಬೇಕು, ಎಲ್ಲಿ ಕೈ ಚಾಚಬೇಕು ಎಂಬ ಗುರುತುಗಳಿರಬೇಕು. ಕತ್ತಲ ಕೋಣೆಯಲ್ಲಿ ಎತ್ತರಕ್ಕೆ ದೀಪ ಕಟ್ಟಿ, ಅದು ದೇಹದ ಮುಖ್ಯ ಭಾಗಗಳ ಮೇಲೆ ನೇರವಾಗಿ ಬೀಳುವಂತೆ ಮಾಡಿ ಅವನು ಬರೆಯುತ್ತಿದ್ದ ಎಂದು 1672ರಲ್ಲಿ ಅವನ ಚರಿತ್ರೆ ಬರೆದ ಬೆಲ್ಲೋರಿ ಹೇಳುತ್ತಾನೆ. ಬೆಲ್ಲೋರಿಗೆ ಈ ರೀತಿ ಹಿಡಿಸಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಕರವಾಜಿಯೊ ಕೊಲೆಗಾರ, ಅವನ ಬದುಕು ಕತ್ತಲು, ಆದ್ದರಿಂದ ಅವನ ಚಿತ್ರವೂ ಕತ್ತಲು ಎನ್ನುವವರಿದ್ದಾರೆ. ಕಾಲಕ್ರಮ ನೋಡಿದರೆ ಈ ವಾದ ನಿಲ್ಲುವುದಿಲ್ಲ. ರೋಮ್‌ನ ಸಾನ್ ಲುಯಿಜಿ ಚರ್ಚಿನಲ್ಲಿ ಸಂತ ಮತ್ತಾಯನ ಚಿತ್ರಗಳನ್ನು ಅವನು ಬರೆದದ್ದು 1600ರ ಹೊತ್ತಿಗೆ. ಕೊಲೆ ನಡೆದದ್ದು 1606ರಲ್ಲಿ. ಕೈಗೆ ರಕ್ತ ಅಂಟುವ ಮೊದಲೇ ಕತ್ತಲು ಅವನ ಕ್ಯಾನ್ವಾಸಿಗೆ ಬಂದಿತ್ತು. ಆರು ವರ್ಷದ ಹುಡುಗನಾಗಿದ್ದಾಗ, 1577ರ ಪ್ಲೇಗಿನಲ್ಲಿ, ಅವನು ತಂದೆಯನ್ನೂ ಅಜ್ಜನನ್ನೂ ಕಳೆದುಕೊಂಡಿದ್ದ ಎಂಬುದು ನಿಜ. ಸಾವಿನ ಮನೆಯನ್ನು ಅವನು ಕಂಡವನು. ಅದಕ್ಕಿಂತ ಹೆಚ್ಚಿನದನ್ನು ಆ ಸಂಗತಿಯಿಂದ ಎಳೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಕಾಲದ ಧರ್ಮವೇ ಇಂಥ ಚಿತ್ರಗಳನ್ನು ಕೇಳುತ್ತಿತ್ತು.

ಪ್ರೊಟೆಸ್ಟೆಂಟ್ ಪಂಥದವರು ಚರ್ಚಿನ ಚಿತ್ರ, ಪ್ರತಿಮೆಗಳನ್ನು ವಿಗ್ರಹಾರಾಧನೆ ಎಂದು ಒಡೆದು ಹಾಕುತ್ತಿದ್ದ ಕಾಲ ಅದು. ಕ್ಯಾಥೋಲಿಕ್ ಚರ್ಚು ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ, 1563ರ ಡಿಸೆಂಬರಿನಲ್ಲಿ, ಚಿತ್ರಗಳು ಇರಲಿ, ಜನರಿಗೆ ಕಲಿಸಲಿ, ಭಕ್ತಿ ಮೂಡಿಸಲಿ ಎಂದು ತೀರ್ಮಾನಿಸಿತು. ಆದರೆ ಸುಳ್ಳು ಬೋಧನೆ, ಅಸಭ್ಯತೆ ಇರಕೂಡದು, ರೂಢಿಯಲ್ಲಿಲ್ಲದ ಚಿತ್ರವನ್ನು ಬಿಷಪ್ಪರ ಒಪ್ಪಿಗೆಯಿಲ್ಲದೆ ಇಡಕೂಡದು ಎಂಬ ಬಿಗಿಯೂ ಜೊತೆಗಿತ್ತು. ಈ ಎರಡರ ನಡುವೆ ಸಿಕ್ಕಿಕೊಂಡದ್ದೇ ಮರಿಯಳ ಮರಣದ ಚಿತ್ರ. ಅದು ನೋಡಿದವರ ಎದೆ ಕಲಕುತ್ತಿತ್ತು, ಜೊತೆಗೆ ಸಭ್ಯತೆಯ ಗೆರೆಯನ್ನೂ ದಾಟಿತ್ತು. ಊದಿದ ದೇಹ, ಬರಿಗಾಲು ಕಂಡು ಕಾರ್ಮೆಲ್ ಸಭೆಯ ಗುರುಗಳು ಒಲ್ಲೆ ಎಂದರು ಎಂದು ಕರವಾಜಿಯೊನ ಸಮಕಾಲೀನ ಚರಿತ್ರೆಕಾರ ಬಲ್ಯೋನೆ ಬರೆದಿದ್ದಾನೆ. ರೂಪದರ್ಶಿ ವೇಶ್ಯೆಯಾಗಿದ್ದಳು ಎಂಬುದು ಆ ಕಾಲದ ಇನ್ನೊಬ್ಬ ಬರಹಗಾರ ಮಂಚೀನಿಯ ಮಾತು. ಮೂಲ ಕಾರಣ ಇನ್ನೂ ಆಳದಲ್ಲಿದೆ ಎಂದು ನನ್ನ ಅನಿಸಿಕೆ. ಮರಿಯಮ್ಮ ನಿದ್ದೆಗೆ ಜಾರಿದಂತೆ ತೀರಿಕೊಂಡು ಸಶರೀರವಾಗಿ ಸ್ವರ್ಗಕ್ಕೆ ಹೋದಳು ಎಂಬ ನಂಬಿಕೆಯ ಮುಂದೆ, ಇವಳು ನಿಜವಾಗಿಯೂ ಸತ್ತಿದ್ದಾಳೆ, ಎದ್ದು ಎಲ್ಲಿಗೂ ಹೋಗುವವಳಲ್ಲ ಎಂದು ಈ ಚಿತ್ರ ಹೇಳಿಬಿಡುತ್ತದೆ. ಆ ಜಾಗಕ್ಕೆ ಆಮೇಲೆ ಕಾರ್ಲೊ ಸರಚೇನಿ ಬರೆದುಕೊಟ್ಟ ಚಿತ್ರದಲ್ಲಿ ಮರಿಯ ಕೂತಿದ್ದಾಳೆ, ಕಣ್ಣು ಮೇಲಕ್ಕೆ ನೆಟ್ಟಿದೆ, ಮೇಲೆ ದೇವದೂತರ ಹಿಂಡೇ ಇದೆ. ಅದು ಇಂದಿಗೂ ತ್ರಸ್ತೇವೆರೆಯ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಚರ್ಚಿನಲ್ಲಿದೆ. ಒಪ್ಪಿತವಾದ ಚಿತ್ರ, ನೋಡಿ ಮುಂದೆ ಹೋಗಬಹುದಾದ ಚಿತ್ರ.

ಕತ್ತಲಿಗೂ ಪ್ರಾರ್ಥನೆಗೂ ಇದ್ದ ನಂಟು ಚಿತ್ರಕಾರರ ಕಲ್ಪನೆಯಲ್ಲ. ಜೆಸ್ವಿಟರೆಂದು ಕರೆಯುವ ಕ್ಯಾಥೋಲಿಕ್ ಗುರುಗಳ ಸಂಘವಾದ ಯೇಸುಸಭೆಯ ಸ್ಥಾಪಕ ಲೊಯೋಲಾದ ಇಗ್ನಾಸಿಯವರ ಧ್ಯಾನಸಾಧನೆಯ ಕೈಪಿಡಿ 1548ರಲ್ಲಿ ಅಚ್ಚಾಯಿತು. ಅದರಲ್ಲಿ ಸಾಧಕ ಮೊದಲ ವಾರ ತನ್ನ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಬೆಳಕನ್ನು ದೂರವಿಡಬೇಕೆಂಬ ಸೂಚನೆಯಿದೆ. ಯೇಸುವಿನ ಯಾತನೆಯನ್ನು ಧ್ಯಾನಿಸುವ ಮೂರನೆಯ ವಾರದಲ್ಲಿ ದುಃಖವನ್ನೂ ಕಣ್ಣೀರನ್ನೂ ಬೇಡಿಕೊಳ್ಳಬೇಕು. ಅಳು ಬರುವುದು ಒಂದು ವರ, ಅದನ್ನು ಕೇಳಿ ಪಡೆಯಬೇಕು ಎಂಬ ಭಾವ ಅದರಲ್ಲಿದೆ. ಘಟನೆ ನಡೆದ ಜಾಗವನ್ನು ಕಣ್ಣಿಗೆ ಕಟ್ಟುವಂತೆ ಊಹಿಸಿಕೊಳ್ಳಬೇಕು ಎಂದೂ ಹೇಳಿದೆ. ಇನ್ನು ಈಸ್ಟರಿಗೆ ಮುಂಚಿನ ಪವಿತ್ರ ವಾರದ ತೆನೆಬ್ರೆ ಪ್ರಾರ್ಥನೆಯಲ್ಲಿ ತ್ರಿಕೋನದ ದೀಪಕಂಬದ ಮೇಲಿನ ಹದಿನೈದು ಮೇಣದಬತ್ತಿಗಳನ್ನು ಒಂದೊಂದು ಕೀರ್ತನೆ ಮುಗಿದಂತೆ ಒಂದೊಂದಾಗಿ ಆರಿಸುತ್ತ ಬಂದು, ಕೊನೆಯದನ್ನು ಆರಿಸದೆ ಮರೆಗೆ ಒಯ್ಯುತ್ತಿದ್ದರು. ಕತ್ತಲಾಗುತ್ತ ಹೋಗುವ ಚರ್ಚಿನಲ್ಲಿ ಬೈಬಲ್ಲಿನ ಯೆರೆಮೀಯನ ಪ್ರಲಾಪಗಳನ್ನು ಕೇಳಿದ ಜನಕ್ಕೆ ಕರವಾಜಿಯೊನ ಕತ್ತಲು ಅಪರಿಚಿತವಾಗಿರಲಾರದು.

ಬರೋಕ್ ಎಂದರೆ ಬರೀ ಕತ್ತಲು ಎಂದುಕೊಳ್ಳಬಾರದು. ಅದೇ ಯೇಸುಸಭೆಯ ಆಂದ್ರೆಯಾ ಪೊಜ್ಜೊ 17ನೇ ಶತಮಾನದ ಕೊನೆಗೆ ರೋಮ್‌ನ ಸಂತ ಇಗ್ನಾಸಿಯ ಚರ್ಚಿನ ಚಾವಣಿಯಲ್ಲಿ ಆಕಾಶವನ್ನೇ ತೆರೆದಿಟ್ಟ. ಆ ಪರಂಪರೆಯ ತೀರ ತಡವಾದ ಒಂದು ಕುಡಿ ನಮ್ಮ ಮಂಗಳೂರಿನಲ್ಲಿದೆ. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನು 1899ರಿಂದ ಬರೆದ ಆಂತೊನಿಯೊ ಮೊಸ್ಕೇನಿ ಕೂಡ ಯೇಸುಸಭೆಯ ಸಹೋದರ. ಅವರು ಹುಟ್ಟಿದ್ದು ಬೆರ್ಗಮೊ ಬಳಿಯ ಸ್ತೆಜ್ಜಾನೊದಲ್ಲಿ. ಕರವಾಜಿಯೊಗೆ ಹೆಸರು ಕೊಟ್ಟ ಊರು ಅದೇ ಸೀಮೆಯಲ್ಲಿದೆ. ಆದರೆ ಮಂಗಳೂರಿನ ಚಿತ್ರಗಳು ಬೆಳಕಿನ ಕಡೆಯವು. ನಾನು ಹೇಳುತ್ತಿರುವುದು ಇನ್ನೊಂದು ಕವಲಿನ ಮಾತು.

ಆ ಕವಲಿನ ಅತ್ಯಂತ ಗಟ್ಟಿಯಾದ ಚಿತ್ರ ‘ಯೇಸುವಿನ ಸಮಾಧಿ’. 1603-04ರ ಸುಮಾರಿಗೆ ರೋಮ್‌ನ ಕಿಯೇಜಾ ನುವೋವಾ ಚರ್ಚಿನಲ್ಲಿ ವಿತ್ರೀಚೆ ಕುಟುಂಬದ ಚಾಪೆಲಿಗಾಗಿ ಕರವಾಜಿಯೊ ಬರೆದದ್ದು. ಮೂರು ಮೀಟರ್ ಎತ್ತರ. 1797ರಲ್ಲಿ ಫ್ರೆಂಚರು ಪ್ಯಾರಿಸ್ಸಿಗೆ ಒಯ್ದರು, ಹಿಂದಿರುಗಿದ ಮೇಲೆ ವ್ಯಾಟಿಕನ್ ಚಿತ್ರಶಾಲೆ ಸೇರಿತು. ಚಾಪೆಲಿನಲ್ಲಿ ಈಗಿರುವುದು ನಕಲು.

ಆರು ಜನ ಒಂದು ಕಲ್ಲುಚಪ್ಪಡಿಯ ಮೇಲೆ ಗುಂಪಾಗಿದ್ದಾರೆ. ಚಪ್ಪಡಿಯ ಮೂಲೆ ನಮ್ಮ ಕಡೆಗೆ ಚಾಚಿದೆ. ಬಲಗಡೆ ಮೇಲೆ ಕೈಯೆತ್ತಿದ ಹೆಂಗಸಿನಿಂದ ಎಡಗಡೆ ಕೆಳಗೆ ಇಳಿಬಿದ್ದ ಯೇಸುವಿನ ತೋಳಿನವರೆಗೆ ಇಡೀ ಗುಂಪು ಇಳಿಜಾರಾಗಿ ಕುಸಿಯುತ್ತಿದೆ. ಹೆಚ್ಚಿನ ಬೆಳಕು ಹೆಣದ ಮೇಲಿದೆ. ಎದೆಯ ಕೆಳಗೆ ಹಿಡಿದುಕೊಂಡಿರುವ ಶಿಷ್ಯ ಯೊವಾನ್ನನ ಬೆರಳುಗಳನ್ನು ಹತ್ತಿರದಿಂದ ನೋಡಿ: ಭಾರ ಹೊರುವ ಭರದಲ್ಲಿ ಅವು ಪಕ್ಕೆಯ ಗಾಯವನ್ನು ತಾಕಿವೆ. ಅವನಿಗೆ ಅದರ ಅರಿವಿಲ್ಲ. ಹೆಣ ಹೊತ್ತವರಿಗೆ ಗೊತ್ತು, ಅಳುವುದಕ್ಕೂ ಮೊದಲು ಆ ಹೊತ್ತಿನಲ್ಲಿ ಹಿಡಿತ ಮುಖ್ಯ. ಕಾಲುಗಳನ್ನು ಅಪ್ಪಿ ಹಿಡಿದ ಅನುಯಾಯಿ ನಿಕೊದೇಮ ಬೆನ್ನು ಬಗ್ಗಿಸಿ ನಮ್ಮ ಕಡೆ ಮುಖ ತಿರುಗಿಸಿದ್ದಾನೆ. ಮಗ್ದಲದ ಮರಿಯ ತಲೆ ತಗ್ಗಿಸಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಬೆಳಕು ಸಿಕ್ಕಿರುವುದು ಅವಳ ಭುಜಕ್ಕೆ. ತಾಯಿ ಮರಿಯ ಇಲ್ಲಿ ವಯಸ್ಸಾದವಳು, ಸನ್ಯಾಸಿನಿಯಂತೆ ತಲೆ ಮುಚ್ಚಿದವಳು. ಕೈಯೆತ್ತಿ ಆಕಾಶ ನೋಡುವ ಹೆಂಗಸಿನ ಮುಖ ಮಾತ್ರ ಬೆಳಕಿನಲ್ಲಿದೆ. ಕಣ್ಣು ಮೊದಲು ಅವಳತ್ತ ಹೋಗುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಶೋಕವನ್ನು ಅಷ್ಟು ಬಾಯಿಬಿಟ್ಟು ಹೇಳಿದ ಮೇಲೆ ಹುಡುಕಲು ಏನೂ ಉಳಿಯುವುದಿಲ್ಲ ಎಂದೇ ಇರಬೇಕು.

ಈ ಚಿತ್ರ ಬಲಿಪೀಠದ ಮೇಲೆ ಇದ್ದದ್ದು. ಬಲಿಪೂಜೆಯಲ್ಲಿ ಗುರುಗಳು ‘ಇದು ನನ್ನ ಶರೀರ’ ಎಂದು ಪ್ರಸಾದವನ್ನು ಎತ್ತಿ ಹಿಡಿಯುವಾಗ, ಹಿಂದಿನ ಚಿತ್ರದಲ್ಲಿ ಆ ಶರೀರವನ್ನೇ ಬಲಿಪೀಠದ ಮೇಲೆ ಇಳಿಸುತ್ತಿರುವಂತೆ ಜನಕ್ಕೆ ಕಾಣುತ್ತಿತ್ತು. ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಈ ಅರ್ಥ ಮುಕ್ಕಾಲು ಪಾಲು ಕಳೆದುಹೋಗುತ್ತದೆ.

ಸ್ಪೇನಿನ ಜುರ್ಬರಾನ್ 1628ರಲ್ಲಿ ಬರೆದ ‘ಸಂತ ಸೆರಾಪಿಯೊ’ ಕೂಡ ಹಾಗೆಯೇ ಜಾಗಕ್ಕೆ ಅಂಟಿಕೊಂಡ ಚಿತ್ರ. ಸೆವಿಲ್ಲೆಯ ಒಂದು ಮಠದಲ್ಲಿ, ತೀರಿಹೋದ ಸನ್ಯಾಸಿಗಳನ್ನು ಮಣ್ಣು ಮಾಡುವ ಮೊದಲು ಮಲಗಿಸುತ್ತಿದ್ದ ಕೋಣೆಗಾಗಿ ಬರೆದದ್ದು. ಸೆರಾಪಿಯೊ ಅದೇ ಮಠದ ಸಂಪ್ರದಾಯದ ಹುತಾತ್ಮ. ಎರಡೂ ಕೈಗಳನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿದ್ದಾರೆ, ತಲೆ ಭುಜದ ಮೇಲೆ ವಾಲಿದೆ. ಘೋರವಾದ ಸಾವು, ಆದರೆ ರಕ್ತ ಕಾಣಿಸುವುದಿಲ್ಲ. ಚಿತ್ರದ ಬಹುಭಾಗ ಅವನ ಬಿಳಿ ನಿಲುವಂಗಿ. ಮಡಿಕೆ ಮಡಿಕೆಯಾಗಿ ಇಳಿದ ಆ ಬಟ್ಟೆಯೇ ಬೆಳಕನ್ನೆಲ್ಲ ಹೀರಿಕೊಂಡಿದೆ. ಕೋಣೆಯಲ್ಲಿ ಮಲಗಿಸಿದ್ದ ಸನ್ಯಾಸಿಗಳ ಮೈಮೇಲೂ ಅದೇ ಬಿಳಿ ಉಡುಪು ಇರುತ್ತಿತ್ತು ಎಂದು ನೆನೆದರೆ ಆ ಬಟ್ಟೆಗೆ ಯಾಕೆ ಅಷ್ಟು ಜಾಗ ಎಂದು ತಿಳಿಯುತ್ತದೆ. ಈಗ ಅದು ಅಮೆರಿಕದ ಹಾರ್ಟ್‌ಫರ್ಡ್ ನಗರದ ವಾಡ್ಸ್‌ವರ್ತ್ ಸಂಗ್ರಹದಲ್ಲಿದೆ.

ಲೊರೇನ್ ಪ್ರಾಂತದ ಜಾರ್ಜ್ ದ ಲಾ ತೂರ್‌ನಲ್ಲಿ ಇಷ್ಟರವರೆಗೆ ಹೇಳಿದ ಲೆಕ್ಕ ಬದಲಾಗುತ್ತದೆ. ಕರವಾಜಿಯೊನ ಬೆಳಕು ಹೊರಗಿನಿಂದ, ಯಾರದೋ ಅಪ್ಪಣೆಯಂತೆ ಬರುತ್ತದೆ. ಲಾ ತೂರ್‌ನ ಹಲವು ರಾತ್ರಿ ಚಿತ್ರಗಳಲ್ಲಿ ಬೆಳಕನ್ನು ಯಾರೋ ಕೈಯಲ್ಲಿ ಹಿಡಿದಿರುತ್ತಾರೆ. ಮೂವತ್ತು ವರ್ಷಗಳ ಯುದ್ಧ, ಪ್ಲೇಗು ಎರಡೂ ಅವನ ಸೀಮೆಯನ್ನು ಹಾಳುಗೆಡವಿದ್ದವು. ಅವನು ವಾಸವಿದ್ದ ಲ್ಯುನೆವಿಲ್ ಪಟ್ಟಣ 1638ರಲ್ಲಿ ಸುಟ್ಟುಹೋಯಿತು. ಲೂವ್ರ್‌ನಲ್ಲಿರುವ ‘ಐರೀನಳ ಆರೈಕೆಯಲ್ಲಿ ಸಂತ ಸೆಬಾಸ್ಟಿಯನ್’ ಅವನ ಕೊನೆಯ ವರ್ಷಗಳದ್ದು. ಸೆಬಾಸ್ಟಿಯನ್ ಬಾಣಗಳಿಗೆ ಗುರಿಯಾದವನು, ಪ್ಲೇಗಿನಿಂದ ಕಾಯುವ ಸಂತ; ಗಾಯಗೊಂಡ ಅವನನ್ನು ಆರೈಕೆ ಮಾಡಿದವಳು ಐರೀನ್. ಮೈತುಂಬ ಬಾಣಗಳನ್ನು ತೋರಿಸುವುದೇ ರೂಢಿ. ಲಾ ತೂರ್ ಒಂದೇ ಬಾಣ ಉಳಿಸಿದ್ದಾನೆ. ನೆಲದ ಮೇಲೆ ಮಲಗಿದ ದೇಹದ ಮೇಲೆ ಹೆಂಗಸರು ಪಂಜು ಹಿಡಿದು ಬಗ್ಗಿದ್ದಾರೆ, ಹಿಂದೆ ನಿಂತವಳೊಬ್ಬಳು ಬಟ್ಟೆಯಿಂದ ಕಣ್ಣು ಒತ್ತಿಕೊಂಡಿದ್ದಾಳೆ. ಇಲ್ಲಿ ಬೆಳಕು ಉಪಯೋಗಕ್ಕೆಂದು ಇದೆ. ಗಾಯ ಎಲ್ಲಿದೆ ಎಂದು ನೋಡಬೇಕು, ಅದಕ್ಕೆ ಪಂಜು. ಉಳಿದವರ ಅಳು ಆ ಕೆಲಸಕ್ಕೆ ಅಡ್ಡ ಬರದಂತೆ ಹಿಂದೆ ಸರಿದು ನಿಂತಿದೆ. ಇಷ್ಟೂ ಚಿತ್ರಗಳಲ್ಲಿ ನನಗೆ ಬಹಳ ಹತ್ತಿರವಾದದ್ದು ಇದೇ.

ಹಾಲೆಂಡಿನಲ್ಲಿ ಚಿತ್ರ ಚರ್ಚಿನಿಂದ ಹೊರಬಿದ್ದಿತ್ತು. ಕ್ಯಾಲ್ವಿನ್ ಪಂಥದ ಚರ್ಚುಗಳ ಗೋಡೆಗಳು ಬಿಳಿ ಬಿಳಿ. ರೆಂಬ್ರಾಂಟ್ ತನ್ನ ಶೋಕದ ಚಿತ್ರಗಳನ್ನು ಬರೆದದ್ದು ಮನೆಗಳಿಗೆ, ಅರಮನೆಗೆ. 1633ರಲ್ಲಿ ರಾಜಪ್ರತಿನಿಧಿ ಫ್ರೆಡರಿಕ್ ಹೆಂಡ್ರಿಕ್‌ಗಾಗಿ ಬರೆದ ‘ಶಿಲುಬೆಯಿಂದ ಇಳಿಸುವುದು’ ಮೂರು ಅಡಿಯಷ್ಟೂ ಎತ್ತರವಿಲ್ಲ, ಈಗ ಮ್ಯೂನಿಕ್‌ನಲ್ಲಿದೆ. ಯೇಸುವಿನ ದೇಹ ಜೋತುಬೀಳುತ್ತಿದೆ, ಬಿಳಿ ಬಟ್ಟೆಯ ಮೇಲೆ ಬಿದ್ದ ಬೆಳಕಿಗೆ ಮೂಲವೇ ಕಾಣದು. ಮೂರ್ಛೆ ಹೋದ ತಾಯಿ ಕೆಳಗಿನ ಕತ್ತಲಲ್ಲಿ ಎಲ್ಲೋ ಇದ್ದಾಳೆ, ಹುಡುಕಬೇಕು. ಏಣಿಯ ಮೇಲೆ ನಿಂತು ಹೆಣದ ತೋಳು ಹಿಡಿದ ನೀಲಿ ಬಟ್ಟೆಯ ಮನುಷ್ಯ ರೆಂಬ್ರಾಂಟೇ. ನೋಡುವವನು ಹೊರಗುಳಿಯುವ ಹಾಗಿಲ್ಲ ಎಂದು ತನ್ನನ್ನೇ ಒಳಗೆ ಎಳೆದುಕೊಂಡಿದ್ದಾನೆ.

ಅವನ ‘ಮೂರು ಶಿಲುಬೆಗಳು’ ಬಣ್ಣದ ಚಿತ್ರವಲ್ಲ, ತಾಮ್ರದ ತಗಡನ್ನು ಸೂಜಿಯಿಂದ ನೇರವಾಗಿ ಗೀರಿ ಅಚ್ಚೊತ್ತಿದ್ದು. ಸೂಜಿ ಗೀರಿದಾಗ ಗೆರೆಯ ಅಂಚಿನಲ್ಲಿ ತಾಮ್ರ ಒರಟಾಗಿ ಮೇಲೇಳುತ್ತದೆ. ಶಾಯಿ ಅಲ್ಲಿ ಹಿಡಿದುಕೊಂಡು ಮಖಮಲ್ಲಿನಂಥ ಕಪ್ಪು ಬರುತ್ತದೆ. ಅಚ್ಚು ಹಾಕುತ್ತ ಹೋದಂತೆ ಆ ಒರಟು ಸವೆಯುತ್ತದೆ. 1653ರ ಮೊದಲ ಅಚ್ಚುಗಳಲ್ಲಿ ಆಕಾಶದಿಂದ ಬೆಳಕು ಗೋಪುರದಂತೆ ಇಳಿದು ಯೇಸುವಿನ ಮೇಲೂ ಸುತ್ತಲಿನವರ ಮೇಲೂ ಹರಡಿದೆ. ಕೆಲವು ವರ್ಷಗಳ ಮೇಲೆ ಅವನು ಅದೇ ತಗಡನ್ನು ಮತ್ತೆ ಕೈಗೆತ್ತಿಕೊಂಡ. ಎಷ್ಟೋ ಆಕೃತಿಗಳನ್ನು ಉಜ್ಜಿ ಅಳಿಸಿದ, ಮೇಲಿನಿಂದ ಕೆಳಗೆ ದಪ್ಪ ಗೆರೆಗಳನ್ನು ಎಳೆದ. ನಾಲ್ಕನೆಯ ಹಂತದ ಆ ಅಚ್ಚಿನಲ್ಲಿ ಶಿಲುಬೆಯ ಕೆಳಗೆ ಅಳುತ್ತಿದ್ದವರನ್ನು ಹೆಚ್ಚು ಕಡಿಮೆ ಕತ್ತಲು ನುಂಗಿದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಾಡಿನ ಮೇಲೆಲ್ಲ ಕತ್ತಲು ಕವಿಯಿತು ಎಂದು ಲೂಕನ ಶುಭಸಂದೇಶ ಹೇಳುತ್ತದೆ. ಮೊದಲನೆಯ ಅಚ್ಚು ಆ ಕತ್ತಲಿನ ನಡುವೆಯೂ ನಮಗೆ ಎಲ್ಲವನ್ನೂ ತೋರಿಸುತ್ತದೆ. ನಾಲ್ಕನೆಯದರ ಮುಂದೆ ನಿಂತಾಗ ನಮ್ಮ ಸ್ಥಿತಿಯೂ ಅಲ್ಲಿದ್ದ ಜನರದ್ದೇ ಆಗುತ್ತದೆ, ಪಕ್ಕದಲ್ಲಿ ಯಾರು ಅಳುತ್ತಿದ್ದಾರೆಂದು ತಿಳಿಯದು.

ಇವನ್ನೆಲ್ಲ ಮೊಬೈಲಿನಲ್ಲಿ ನೋಡಹೊರಟವರಿಗೆ ಒಂದೆರಡು ಸಂಗತಿ ಗೊತ್ತಿರಲಿ. ಪರದೆ ತಾನೇ ಬೆಳಗುತ್ತದೆ, ಕ್ಯಾನ್ವಾಸು ಬೆಳಗುವುದಿಲ್ಲ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಮರೆಯಲ್ಲಿದ್ದ ಮುಖಗಳೆಲ್ಲ ಬಯಲಾಗಿ, ಚಿತ್ರಕಾರ ಅಳೆದು ಇಟ್ಟ ನೆರಳು ಕೆಡುತ್ತದೆ. ಇನ್ನೊಂದು ಕಡೆ, ಎಣ್ಣೆಬಣ್ಣ ಹಳತಾದಂತೆ ಪಾರದರ್ಶಕವಾಗಿ ತಳದ ಕಂದು ಮೇಲೆ ತೋರುತ್ತದೆ, ವಾರ್ನಿಶ್ ಹಳದಿಗಟ್ಟುತ್ತದೆ. ಹಾಗಾಗಿ ಇಂದು ನಮಗೆ ಕಾಣುವ ಕತ್ತಲು 1607ರಲ್ಲಿ ರೋಮ್‌ನ ಚಿತ್ರಕಾರರು ಸಾಲುಗಟ್ಟಿ ನೋಡಿದ ಕತ್ತಲಿಗಿಂತ ಸ್ವಲ್ಪ ಹೆಚ್ಚೇ ಇರಬೇಕು. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಕೋಣೆಯ ದೀಪವನ್ನು ಹಾಗೇ ಬಿಟ್ಟು ನೋಡಿದರೆ ಮೂಲಕ್ಕೆ ಹತ್ತಿರ ಬರುತ್ತದೆ. ‘ಮೂರು ಶಿಲುಬೆಗಳು’ ಅಚ್ಚುಗಳನ್ನಾದರೆ ಮೊದಲ ಹಂತ, ನಾಲ್ಕನೆಯ ಹಂತ ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡೇ ನೋಡಬೇಕು.